ಚೀಟಿಯ ಬೆನ್ನಿನ ಮೇಲಿನ ಮದುವೆ

"ಮುಂದೆ ಬೇಡ, ಹಿಂದೆ ನೋಡಿ," ಎಂದರು ತಾಹೇರಾ.

ನಾನು ಚೀಟಿಯನ್ನು ತಿರುಗಿಸಿದೆ.

ಅಂಗೈಯಷ್ಟು ಅಗಲದ ದಪ್ಪ ಕಾಗದ. ಮುಂದುಗಡೆ ಅಸ್ಗರ್ ಮೇಷ್ಟ್ರ ಕೈಬರಹದಲ್ಲಿ ಒಂದು ಇಂಗ್ಲಿಷ್ ಪದ. ಹಿಂದುಗಡೆ ಅರಿಶಿನ ಬಣ್ಣದ ಅಂಚು, ಅರ್ಧಕ್ಕೆ ಕತ್ತರಿಸಿಹೋದ ಬಾಳೆಕಂಬ, ಕೆಂಪಕ್ಷರದ ಎರಡು ಸಾಲು. ಒಂದು ಲಗ್ನಪತ್ರಿಕೆಯನ್ನು ನಾಲ್ಕು ತುಂಡು ಮಾಡಿದ್ದರಲ್ಲಿ ಒಂದು ತುಂಡು.

"ಇದು ಯಾರ ಮದುವೆ?" ಎಂದು ಕೇಳಿದರು.

"ನನಗೇನು ಗೊತ್ತಮ್ಮ?"

"ನನಗೂ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಏಳು ತಿಂಗಳ ಹಿಂದೆ, ಡಿಸೆಂಬರ್ ಮೂರರಂದು ಮನೆಬಿಟ್ಟ ಅಸ್ಗರ್ ಮೇಷ್ಟ್ರು ಒಂಬತ್ತು ದಿನಗಳ ಮೇಲೆ ಕಣ್ವ ಜಲಾಶಯದಲ್ಲಿ ಶವವಾಗಿ ಸಿಕ್ಕಿದ್ದರು. ಆ ಕಡತ ಮುಚ್ಚಿ ಸಹಿ ಹಾಕಿದ ಸಬ್‌ಇನ್‌ಸ್ಪೆಕ್ಟರ್ ನಾನೇ.

ಚನ್ನಪಟ್ಟಣದ ಆ ಓಣಿಯಲ್ಲಿ ಪಕ್ಕದ ಮನೆಯವರು ಬೊಂಬೆ ಕಡೆಯುತ್ತಿದ್ದರು. ಅರಗು ಕಾಯ್ದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಮೇಷ್ಟ್ರ ಹೆಂಡತಿ ತಾಹೇರಾ ಚಾಪೆಯ ಮೇಲೆ ಕೂತಿದ್ದರು. ಅವರ ಸುತ್ತ ಬೊಂಬೆ ತುಂಬುವ ರಟ್ಟಿನ ಡಬ್ಬಗಳು ಆರು. ಆರರಲ್ಲೂ ಚೀಟಿಗಳು.

ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಅಸ್ಗರ್ ಮೇಷ್ಟ್ರು, ಇಂಗ್ಲಿಷರೇ ಮರೆತ ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಒಂದು ಕೋಶ ಮಾಡುತ್ತಿದ್ದರು. ಒಂದು ಪದಕ್ಕೆ ಒಂದು ಚೀಟಿ. ಪದ, ಅದು ಬಳಕೆಯಲ್ಲಿದ್ದ ಕಾಲ, ಆಗಿನ ಅರ್ಥ, ಕಡೆಗೆ ಕನ್ನಡದ ಸಮಾನ ಪದ. ಹೊಸ ಕಾಗದ ಕೊಳ್ಳುವುದು ಅವರ ಜಾಯಮಾನವಲ್ಲ. ಲಗ್ನಪತ್ರಿಕೆಯ ಕಾಗದ ನೂರು ವರ್ಷ ಬಾಳುತ್ತದೆ ಎನ್ನುತ್ತಿದ್ದರು.

ಅವರ ತರಗತಿಯಲ್ಲಿ ನಾನೂ ಕೂತಿದ್ದೆ. 'ಗರ್ಲ್' ಎಂದರೆ ಏಳುನೂರು ವರ್ಷದ ಹಿಂದೆ ಗಂಡಾಗಲಿ ಹೆಣ್ಣಾಗಲಿ ಯಾವುದೇ ಮಗು ಎಂದು ಹೇಳಿ, "ಮಮತಾ, ನಿನ್ನ ತಮ್ಮ ಮುನೇಶನೂ ಆಗ ಗರ್ಲೇ ಕಣಮ್ಮ," ಎಂದಿದ್ದರು. ಮುನೇಶ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದ.

"ನನಗೆ ಇಂಗ್ಲಿಷ್ ಬರಲ್ಲ," ತಾಹೇರಾ ಹೇಳಿದರು. "ಅವರ ಅಕ್ಷರ ನೋಡಬೇಕು ಅನ್ಸುತ್ತೆ. ಎಷ್ಟು ಹೊತ್ತು ನೋಡ್ತೀರಿ, ಓದೋಕೆ ಬರದೇ ಇರೋದನ್ನ? ಅದಕ್ಕೆ ತಿರುಗಿಸಿ ಹಿಂದೆ ಓದ್ತೀನಿ. ಇದು ನಮ್ಮ ಚಾಚಾ ಮಗಳ ಶಾದಿ. ಇದು ಅವರ ಕಾಲೇಜಿನ ಜವಾನ್ ರಾಮಣ್ಣನ ಮಗಂದು, ಕೆಂಗಲ್‌ನಲ್ಲಿ ಆಯ್ತು, ಪಾಯಸಕ್ಕೆ ಸಕ್ಕರೇನೇ ಹಾಕಿರ್ಲಿಲ್ಲ. ಎಲ್ಲಾ ಕಾರ್ಡೂ ನಾನೇ ಎತ್ತಿಟ್ಟು ಕೊಡ್ತಿದ್ದೆ. ಮದುವೆ ಆದ ಮಾರನೇ ದಿನ ಕತ್ತರಿ ತಗೊಂಡು ಕೂತುಬಿಡೋರು."

"ಇದನ್ನ ನೀವು ಕೊಟ್ಟಿಲ್ಲ."

"ಕೊಟ್ಟಿಲ್ಲ. ತಾರೀಖು ಓದಿ."

ಓದಿದೆ. ಮಾಘ ಶುದ್ಧ ದ್ವಾದಶಿ, ೯-೨-೨೦೨೫ನೇ ಭಾನುವಾರ.

ಎರಡನೇ ಸಲ ಓದಿದೆ. ಚೀಟಿ ತಿರುಗಿಸಿ ಆ ಕೈಬರಹ ನೋಡಿದೆ. ಬಲಕ್ಕೆ ಒರಗಿದ ಅಕ್ಷರ, 'ಡಬ್ಲ್ಯು'ವಿನ ಕೊನೆಯಲ್ಲಿ ಪುಟ್ಟ ಕೊಕ್ಕೆ. ನನ್ನ ಉತ್ತರಪತ್ರಿಕೆಗಳ ಅಂಚಿನಲ್ಲಿ ಇದೇ ಕೊಕ್ಕೆಯಿತ್ತು.

"ಡಿಸೆಂಬರ್ ಹನ್ನೆರಡಕ್ಕೆ ಮಣ್ಣು ಮಾಡಿದ್ವಿ," ತಾಹೇರಾ ಒಂದೊಂದೇ ಮಾತನ್ನು ಇಟ್ಟು ನೋಡುವಂತೆ ಹೇಳಿದರು. "ಫೆಬ್ರವರಿ ಮದುವೆ ಕಾರ್ಡಿನ ಮೇಲೆ ಅವರು ಹೇಗೆ ಬರೆದ್ರು?"

"ಮುಂಚೇನೇ ಅಚ್ಚು ಹಾಕಿಸಿರ್ತಾರೆ ಅಮ್ಮಿ." ಬಾಗಿಲಲ್ಲಿ ಜುವೇರಿಯಾ ನಿಂತಿದ್ದಳು. ಮೇಷ್ಟ್ರ ಒಬ್ಬಳೇ ಮಗಳು, ಪ್ರೈಮರಿ ಶಾಲೆಯ ಟೀಚರ್. ಹೆಗಲಲ್ಲಿ ಚೀಲ, ಶಾಲೆಗೆ ಹೊರಟಿದ್ದಳು. "ಮೇಡಮ್, ಅಮ್ಮಿಗೆ ಸರಿಯಾಗಿ ನಿದ್ದೆ ಇಲ್ಲ. ಎಲ್ಲಾದ್ರಲ್ಲೂ ಅಬ್ಬಾನೇ ಕಾಣ್ತಾರೆ."

"ನಿದ್ದೆ ಇಲ್ಲ, ಕಣ್ಣಿದೆ," ಎಂದರು ತಾಹೇರಾ. "ನೀನು ಹೋಗು, ಬಸ್ಸು ಹೋಗ್ಬಿಡುತ್ತೆ."

ಜುವೇರಿಯಾ ಒಂದು ಕ್ಷಣ ನಿಂತಳು. ನನ್ನ ಕೈಯಲ್ಲಿದ್ದ ಚೀಟಿಯನ್ನೇ ನೋಡಿ ಹೊರಟುಹೋದಳು.

ಕಣ್ವದಲ್ಲಿ ಸಿಕ್ಕ ಶವಕ್ಕೆ ಮುಖ ಉಳಿದಿರಲಿಲ್ಲ. ಶವಾಗಾರದಲ್ಲಿ ಬಟ್ಟೆ ಸರಿಸಿದಾಗ ಇದೇ ಹುಡುಗಿ "ನಮ್ಮ ಅಬ್ಬಾನೇ" ಎಂದಿದ್ದಳು. ನಾನು ಇನ್ನೊಂದು ಪ್ರಶ್ನೆ ಕೇಳಿರಲಿಲ್ಲ. ನನ್ನ ಕಣ್ಣಲ್ಲೂ ನೀರಿತ್ತು.

"ಇಂಥ ಚೀಟಿ ಎಷ್ಟಿವೆ?"

"ಹದಿನೇಳು. ಎಲ್ಲಾ ಈ ಕೊನೇ ಡಬ್ಬದಲ್ಲೇ."

"ಡಬ್ಬ ಯಾರು ತಂದುಕೊಟ್ರು?"

"ಮನೋಹರ್ ಸಾಹೇಬರು. ಪುಸ್ತಕ ಅಚ್ಚಿಗೆ ಹೋಗ್ತಿದೆ, ಚೀಟಿ ನಿಮ್ಮ ಹತ್ರ ಇರಲಿ ಅಂತ ಹೋದ ವಾರ ಆಟೋದಲ್ಲಿ ಕಳಿಸಿದ್ರು. ಸಾಯೋಕೆ ಹಿಂದಿನ ದಿನ ಎಲ್ಲಾ ಅವರ ಕೈಗೆ ಒಪ್ಪಿಸಿದ್ರಂತೆ, ಮಣ್ಣಿಗೆ ಬಂದಾಗ ಹೇಳಿದ್ರು."

ಮನೋಹರ್ ಅದೇ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕೋಶದ ಕನ್ನಡ ಪದಗಳು ಅವರವು. ಪುಸ್ತಕದ ಮೇಲೆ ಇಬ್ಬರ ಹೆಸರೂ ಇರುತ್ತದೆ, ಒಂದರ ಹಿಂದೆ 'ದಿವಂಗತ' ಎಂದು.

"ಇದರ ಮುಂದೆ ಯಾವ ಪದ ಇದೆ?" ತಾಹೇರಾ ಕೇಳಿದರು.

"ವಾನ್‌ಹೋಪ್."

"ಅಂದ್ರೆ?"

ಚೀಟಿಯಲ್ಲಿ ಕಾಲವಿತ್ತು, ಸುಮಾರು ೧೩೦೦. ಹಳೆಯ ಅರ್ಥ ಇಂಗ್ಲಿಷಿನಲ್ಲೇ ಇತ್ತು. ಕನ್ನಡ ಪದ ಬರೆಯುವ ಜಾಗ ಖಾಲಿ. ನಾನೇ ಹೇಳಬೇಕಾಯಿತು. "ಆಸೆ ಒಂದೇ ಸಲಕ್ಕೆ ಹೋಗೋದಲ್ಲಮ್ಮ. ದಿನಾ ಒಂದೊಂದು ಚೂರು ಬತ್ತೋದು. ಏಳುನೂರು ವರ್ಷದ ಹಿಂದೆ ಅವರು ಅದಕ್ಕೊಂದು ಪದ ಇಟ್ಕೊಂಡಿದ್ರು. ಆಮೇಲೆ ಬಿಟ್ಟುಬಿಟ್ರು."

"ಯಾಕೆ ಬಿಟ್ರು? ಇನ್ನು ಯಾರಿಗೂ ಹಾಗೆ ಆಗಲ್ಲ ಅಂತಾನಾ?"

ನಾನು ಹದಿನೇಳೂ ಚೀಟಿಗಳನ್ನು ಒಟ್ಟು ಮಾಡಿ ಜೇಬಿಗಿಟ್ಟುಕೊಂಡೆ.

ತಾಹೇರಾ ನನ್ನ ಕೈ ಹಿಡಿದುಕೊಂಡರು. "ನನಗೆ ಬೇರೇನೂ ಬೇಡ ಬೇಟಿ. ನಾನು ಮಣ್ಣು ಹಾಕಿದ್ದು ಯಾರಿಗೆ? ನಾನು ಬೇವಾನಾ, ಗಂಡ ಸತ್ತವಳಾ, ಇಲ್ಲಾ ಅವರ ಹೆಂಡತೀನಾ? ಅದೊಂದು ಹೇಳಿಬಿಡಿ."

*

ಹದಿನೇಳು ಚೀಟಿಗಳಲ್ಲಿ ಒಂದರ ಕೆಳಗಡೆ ಇರುವೆಯಂಥ ಅಕ್ಷರಗಳಲ್ಲಿ ಮಾಗಡಿಯ ಒಂದು ಮುದ್ರಣಾಲಯದ ಹೆಸರಿತ್ತು. ಜೀಪಿನಿಂದಲೇ ಫೋನ್ ಮಾಡಿದೆ. ಮಾಲೀಕ ಬಾಲರಾಜು ಪುಸ್ತಕ ತೆಗೆಯಬೇಕಾಗಿಯೇ ಇರಲಿಲ್ಲ.

"ಅಯ್ಯೋ, ಅದನ್ನ ಮರಿಯೋಕಾಯ್ತದಾ ಮೇಡಮ್? ತಿಪ್ಪಸಂದ್ರದ ಕೆಂಪಯ್ಯನ ಮಗಳು ಭಾನುಪ್ರಿಯಂದು. ಸಂಕ್ರಾಂತಿ ದಿನ ಎಳ್ಳು ಬೀರೋಕೂ ಬಿಡ್ದೆ ಬಂದು ಕುಂತ್ರು. ಅಚ್ಚಾಯ್ತು. ಗಂಡಿನ ಹೆಸರ ಮುಂದೆ ಡಿಗ್ರಿ ಹಾಕಿಲ್ಲ ಅಂತ ಪೂರ್ತಿ ವಾಪಸ್ ತಂದ್ರು. ಎರಡನೇ ಸಲ ಅಚ್ಚು ಮಾಡ್ದೆ."

"ಮೊದಲನೇ ಸಲದ್ದು?"

"ಅದು ರದ್ದು. ನೀವೇ ಒಲೆಗೆ ಹಾಕ್ಕಳಿ ಅಂತ ಕಟ್ಟು ಅವ್ರ ತಲೆ ಮೇಲೇ ಹೊರ್ಸಿ ಕಳ್ಸಿದೆ."

ಸಂಕ್ರಾಂತಿ ಎಂದರೆ ಜನವರಿ ಹದಿನಾಲ್ಕು. ಡಿಸೆಂಬರ್ ಹನ್ನೆರಡಕ್ಕೆ ಗೋರಿ ಸೇರಿದ ಮನುಷ್ಯ ಈ ಕಾಗದವನ್ನು ಮುಟ್ಟಿರಲು ಸಾಧ್ಯವೇ ಇಲ್ಲ.

ಜೀಪು ಮಾಗಡಿ ರಸ್ತೆ ಹಿಡಿಯಿತು.

ಕೆಂಪಯ್ಯ ತಿಪ್ಪಸಂದ್ರದಲ್ಲಿ ಮನೆಯ ಮುಂದೆ ಹಲಸಿನ ಹಣ್ಣು ಬಿಡಿಸುತ್ತಿದ್ದರು. ಕೈಗೆಲ್ಲ ಎಣ್ಣೆ. ಚೀಟಿ ನೋಡಿ ದೊಡ್ಡದಾಗಿ ನಕ್ಕರು.

"ಇದೇನವ್ವಾ, ಪೊಲೀಸ್ನೋರು ಲಗ್ನಪತ್ರಿಕೆಗೂ ಕೇಸ್ ಹಾಕ್ತೀರಾ? ಮದ್ವೆ ಆಗಿ ಐದು ತಿಂಗ್ಳಾಯ್ತು, ಮಗ್ಳು ಚೆಂದಾಗವ್ಳೆ."

"ರದ್ದಾದ ಕಾರ್ಡು ಏನ್ ಮಾಡಿದ್ರಿ ಅಣ್ಣ?"

"ಲಕ್ಷ್ಮಿ ಚಿತ್ರ ಐತೆ, ಒಲೆಗೆ ಹಾಕೋಕೆ ನಮ್ಮ ಶಿವಲಿಂಗಮ್ಮ ಬಿಡ್ಲಿಲ್ಲ. ಮನೋಹರ್ ಮೇಷ್ಟ್ರ ಮಾವಿನ ತೋಟ ನಮ್ಮ ಒತ್ತಿಗೇ ಐತಲ್ಲ, ಆ ಮನೇಲಿ ಒಬ್ರು ಬಿಳೀ ಗಡ್ಡದೋರು ಇದ್ರು. ದಿನಾ ಬರಿಯೋರು. ಅವ್ರಿಗೆ ಒಂದು ಕಟ್ಟು ಕೊಟ್ಬುಟ್ಟೆ."

"ಯಾರವರು?"

"ಕಲಬುರ್ಗಿ ಕಡೆಯೋರು, ಹವಾ ಬದ್ಲಾವಣೆಗೆ ಬಂದವ್ರೆ ಅಂದ್ರು ಮೇಷ್ಟ್ರು. ಒಳ್ಳೇ ಮನ್ಷ. ಒಸಿ ಮರೆವು. ಮದ್ವೆ ಎಲ್ಡು ದಿನ ಇದ್ದಾಗ ಬನ್ನಿ ಸ್ವಾಮಿ ಅಂತ ಕರೆಯೋಕೆ ಹೋದೆ. ಯಾವತ್ತು ಅಂದ್ರು. ನಾಳಿದ್ದು ಅಂದೆ. ನಾಳಿದ್ದು, ನಾಳಿದ್ದು ಅಂತ ನಾಕು ಸಲ ಅಂದ್ಕಂಡು ಮಗೀನಂಗೆ ನಕ್ರು. ಈ ಪದ ಇಂಗ್ಲಿಷ್ನೋರ ತಾವೂ ಇತ್ತು, ಓವರ್‌ಮಾರೋ ಅಂತಿದ್ರು, ಐನೂರು ವರ್ಷದಿಂದೀಚೆಗೆ ಕಳ್ಕಂಡ್ಬುಟ್ರು ಅಂದ್ರು. ಈಗ ನಾಳೆ ಆದಮೇಲಿನ ದಿನ ಅಂತ ಉದ್ದಕ್ಕೆ ಎಳೀಬೇಕಂತೆ." ಕೆಂಪಯ್ಯ ಒಂದು ತೊಳೆ ಬಿಡಿಸಿ ನನ್ನ ಕೈಗಿಟ್ಟರು. "ಪದ ಹೆಂಗವ್ವಾ ಕಳ್ದೋಯ್ತದೆ? ಅದೇನು ಕುರೀನಾ?"

"ಮದುವೆಗೆ ಬಂದ್ರಾ?"

"ಇಲ್ಲ. ಮರ್ತಿರ್ಬೇಕು."

ತೊಳೆ ಕೈಯಲ್ಲಿ ಹಿಡಿದೇ ತೋಟದ ದಾರಿ ನಡೆದೆ.

*

ಮನೋಹರ್ ಜಗುಲಿಯ ಮೇಲೆ ಕರಡಚ್ಚು ತಿದ್ದುತ್ತಿದ್ದರು. ಎಪ್ಪತ್ತು ದಾಟಿದ ತೆಳ್ಳನೆಯ ಮನುಷ್ಯ. ನನ್ನನ್ನು ಕಂಡು ಕನ್ನಡಕ ಹಣೆಗೇರಿಸಿದರು.

"ಬಾ ಮಮತಾ. ಯೂನಿಫಾರ್ಮ್‌ನಲ್ಲಿ ಗುರುತೇ ಸಿಗ್ಲಿಲ್ಲ. ಟೀ ಮಾಡ್ಲಾ?"

"ಬೇಡ ಸಾರ್. ಒಳಗಿನ ರೂಮು ನೋಡಬೇಕು."

ಅವರು ಯಾಕೆ ಎಂದು ಕೇಳಲಿಲ್ಲ. ಕೇಳಬೇಕಿತ್ತು.

ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು. ಮೂಲೆಯಲ್ಲಿ ಮಡಿಸಿಟ್ಟ ಜಾನಮಾಜ್, ನಮಾಜಿನ ಚಾಪೆ. ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೆ ಕೆಲವು ಕಾಗದದ ತುಂಡುಗಳನ್ನು ಅಂಟಿಸಿದ್ದರು. ಒಂದರಲ್ಲಿ 'ಚಮಚ' ಎಂದಿತ್ತು. ಒಂದರಲ್ಲಿ 'ಇದು ಕಿಟಕಿ'. ಇನ್ನೊಂದರಲ್ಲಿ 'ಮನೋಹರ, ಸ್ನೇಹಿತ'.

ಎಲ್ಲವೂ ಅದೇ ಬಲಕ್ಕೆ ಒರಗಿದ ಅಕ್ಷರ. ಎಲ್ಲದರ ಅಂಚೂ ಅರಿಶಿನ.

ನಾನು ತಿರುಗಿ ನಿಂತೆ. "ನೀವು ಜನಾಜಾಕ್ಕೆ ಹೆಗಲು ಕೊಟ್ರಿ ಸಾರ್. ನಾನು ನೋಡಿದೀನಿ. ಮಸೀದಿಯಿಂದ ಖಬರಸ್ತಾನದವರೆಗೂ ಬಿಡಲೇ ಇಲ್ಲ. ಅಳ್ತಿದ್ರಿ."

"ಅತ್ತಿದ್ದು ಸುಳ್ಳಲ್ಲ."

"ಡೋಲಿಯಲ್ಲಿ ಇರೋರು ಅಸ್ಗರ್ ಮೇಷ್ಟ್ರಲ್ಲ ಅಂತ ಗೊತ್ತಿತ್ತು."

"ಗೊತ್ತಿತ್ತು." ಅವರು ಮಂಚದ ತುದಿಯಲ್ಲಿ ಕುಸಿದು ಕೂತರು. "ಅವನು ಆಗ ಇಲ್ಲಿ, ಇದೇ ಮೇಜಿನ ಮುಂದೆ ಕೂತಿದ್ದ. ನಾನು ಹೊರಡೋವಾಗ ಕೇಳ್ದ, ಎಲ್ಲಿಗೆ ಅಂತ. ಒಂದು ಸಾವಿಗೆ ಅಂದೆ."

ಹೊರಗೆ ಮಾವಿನ ಮರದಲ್ಲಿ ಗಿಣಿಗಳು ಜಗಳವಾಡುತ್ತಿದ್ದವು.

"ಡಿಸೆಂಬರ್ ಮೂರಕ್ಕೆ ಅವನಾಗಿಯೇ ಬಂದ," ಎಂದರು ಮನೋಹರ್. "ಡಬ್ಬಗಳು, ಎರಡು ಜೊತೆ ಬಟ್ಟೆ. 'ಮನೋಹರ, ನನ್ನ ಪದಗಳು ಹೋಗ್ತಿವೆ' ಅಂದ. ನಾನು ತಮಾಷೆ ಅಂದ್ಕೊಂಡೆ. ಊಟಕ್ಕೆ ಕೂತಾಗ ಚಮಚ ತೋರಿಸಿ, ಅದನ್ನ ಕೊಡು ಅಂದ. ಯಾವುದನ್ನ ಅಂದೆ. ಕಣ್ಣಲ್ಲಿ ನೀರು ಬಂತು, ಆ ಪದ ಬರ್ಲಿಲ್ಲ. ಅದೇ ಊಟದಲ್ಲೇ 'ಸ್ಟಾರ್ವ್' ಅಂದ್ರೆ ಸಾವಿರ ವರ್ಷದ ಹಿಂದೆ ಬರೀ ಸಾಯೋದು, ಹಸಿವಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ ಅಂತ ಅರ್ಧ ಗಂಟೆ ಹೇಳ್ದ. ಹೊಸದು ಮೊದಲು ಹೋಗ್ತಿತ್ತು. ಹಳೇದು ಗಟ್ಟಿಯಾಗಿ ಕೂತಿತ್ತು."

"ಡಾಕ್ಟರ್ ಹತ್ರ?"

"ಹೋಗಿದ್ದನಂತೆ, ಒಬ್ಬನೇ. ಮನೇಲಿ ಹೇಳಿರ್ಲಿಲ್ಲ. ತಾಹೇರಾಳ ಹೆಸರು ಮರೆಯೋ ದಿನ ಅವಳ ಎದುರಿಗೆ ಇರಬಾರದು ಅಂದ. ಹದಿನೈದು ದಿನ ಕೊಡು, ಕೋಶ ಮುಗಿಸ್ತೀನಿ, ಆಮೇಲೆ ನೀನೇ ಮನೆಗೆ ಬಿಡು ಅಂದ. ಒಪ್ಕೊಂಡೆ."

"ಒಂಬತ್ತನೇ ದಿನಕ್ಕೆ ಶವ ಸಿಕ್ತು."

"ಸುದ್ದಿ ಅವತ್ತೇ ಬಂತು. ಮೊದಲು ನಿಂಗೇ ಫೋನ್ ಮಾಡೋಕೆ ಹೋದೆ ಮಮತಾ. ಸತ್ಯವಾಗಿ."

"ಮಾಡ್ಲಿಲ್ಲ."

"ಮಾಡ್ಲಿಲ್ಲ."

"ಯಾಕೆ?"

ಉತ್ತರ ಬಂದಾಗ ಎಷ್ಟು ಸಣ್ಣದಾಗಿತ್ತೆಂದರೆ, ನಾನು ಇನ್ನೂ ಏನೋ ಬರುತ್ತದೆಂದು ಕಾದೆ.

"ಟಿ ಇಂದ ಮುಂದಕ್ಕೆ ಬಾಕಿ ಇತ್ತು."

"ಸಾರ್, ಒಬ್ಬ ಹೆಂಗಸು ಗಂಡ ಸತ್ತ ಅಂತ ತಲೆ ಚಚ್ಚಿಕೊಳ್ತಿದ್ಲು."

"ಹೇಳಿದ್ರೆ ಆ ದಿನವೇ ಕರ್ಕೊಂಡು ಹೋಗ್ತಿದ್ರಿ. ಆಸ್ಪತ್ರೆ, ಮಾತ್ರೆ, ನೆಂಟರು. ಇಪ್ಪತ್ತೆರಡು ವರ್ಷದ ಕೆಲಸ ಟಿ ಹತ್ರ ನಿಂತುಹೋಗ್ತಿತ್ತು. ಯಾರು ಮುಗಿಸ್ತಿದ್ರು? ಅವನ ತಲೇಲಿ ಇತ್ತು, ಎಲ್ಲೂ ಬರೆದಿರ್ಲಿಲ್ಲ. ಅದು ದಿನಾ ಸೋರ್ತಿತ್ತು. ನಾನು ಪಾತ್ರೆ ಹಿಡಿದು ಕೂತಿದ್ದೆ. ಇನ್ನೊಂದು ವಾರ, ಇನ್ನೊಂದು ವಾರ ಅಂತ."

"ಅವರಿಗೆ ಗೊತ್ತಿತ್ತಾ, ತಮ್ಮನ್ನ ಮಣ್ಣು ಮಾಡಿದಾರೆ ಅಂತ?"

"ಇಲ್ಲ. ಅಷ್ಟು ಕಟುಕ ಅಲ್ಲ ನಾನು."

ನಾನು ನಗಲಿಲ್ಲ; ಆದರೆ ಮುಖದಲ್ಲಿ ಏನೋ ಕಂಡಿರಬೇಕು. ಅವರು ಕಣ್ಣು ತಪ್ಪಿಸಿ ಕರಡಚ್ಚಿನ ಹಾಳೆಗಳನ್ನು ಎತ್ತಿಕೊಂಡರು. ಒಂದು ಹಾಳೆ ನನ್ನತ್ತ ಚಾಚಿದರು.

"ಇದು ನೋಡು. 'ಬಿರೀವ್'. ಈಗ ಹತ್ತಿರದವರನ್ನ ಕಳ್ಕೊಳ್ಳೋದು. ಮೊದಲು ಅದರರ್ಥ ದೋಚೋದು. ಮನೆಗೆ ನುಗ್ಗಿ ಕಿತ್ಕೊಂಡು ಹೋಗೋದು. ಈ ಚೀಟಿ ಅವನು ಹಿಂದಿನ ವರ್ಷವೇ ಬರೆದಿದ್ದ. ಮೊನ್ನೆ ಕರಡು ತಿದ್ದೋವಾಗ ಇಲ್ಲಿಂದ ಮುಂದಕ್ಕೆ ಹೋಗೋಕೇ ಆಗ್ಲಿಲ್ಲ ನಂಗೆ. ಎರಡು ದಿನ ಇದೇ ಪುಟ."

"ಆಮೇಲೆ?"

"ಆಮೇಲೆ ಮುಂದಕ್ಕೆ ಹೋದೆ."

ನನಗೆ ಅವರ ಮೇಲೆ ಬಂದದ್ದು ಪೂರ್ತಿ ಸಿಟ್ಟೂ ಅಲ್ಲ. ಈ ಮನುಷ್ಯ ಪ್ರತಿ ಚೀಟಿಯ ಪ್ರತಿ ಅಕ್ಷರವನ್ನೂ ಹತ್ತು ಸಲ ಓದಿದ್ದರು. ಕಾಲ ಸರಿಯಿದೆಯೇ, ಅರ್ಥ ಸರಿಯಿದೆಯೇ ಎಂದು ತಡಕಾಡಿದ್ದರು. ಒಂದೇ ಒಂದು ಚೀಟಿಯನ್ನು ತಿರುಗಿಸಿರಲಿಲ್ಲ.

"ಇದರ ಹಿಂದೆ ಏನಿದೆ ನೋಡ್ಲಿಲ್ವಾ?" ವಾನ್‌ಹೋಪ್ ಚೀಟಿಯನ್ನು ಅವರ ಮುಂದೆ ಹಿಡಿದೆ.

"ಹಿಂದೆ ಏನಿರುತ್ತೆ? ಯಾರದೋ ಮದುವೆ." ತಾರೀಖು ಓದಿದರು. ಕನ್ನಡಕ ತೆಗೆದು ಹಾಸಿಗೆಯ ಮೇಲಿಟ್ಟರು. "ತಾಹೇರಾ ನೋಡಿದ್ದಾ?"

"ಹೂಂ."

"ಅವಳಿಗೆ ಇಂಗ್ಲಿಷ್ ಬರಲ್ಲ. ಹಿಂದೆ ಓದ್ತಾಳೆ ಅಂತ ಹೊಳೀಲೇ ಇಲ್ಲ."

ನಾನು ಕೊನೆಯ ಪ್ರಶ್ನೆ ಕೇಳಿದೆ. ಇಡೀ ದಾರಿ ಅದನ್ನು ಕೇಳಲು ಹೆದರಿದ್ದೆ. "ಅಸ್ಗರ್ ಮೇಷ್ಟ್ರು ಈಗ ಎಲ್ಲಿ?"

ಮನೋಹರ್ ಬೆರಗಾಗಿ ನನ್ನನ್ನು ನೋಡಿದರು. ಆ ಬೆರಗು ನಟನೆಯಲ್ಲ.

"ಮನೇಲಿ."

"ಯಾವ ಮನೇಲಿ?"

"ಅವನ ಮನೇಲಿ! ಮಾರ್ಚ್ ಇಪ್ಪತ್ತೊಂದಕ್ಕೆ ಕೊನೇ ಚೀಟಿ ಬರೆದ. ಬರೆದು, ಮನೆಗೆ ಹೋಗ್ಬೇಕು ಅಂದ. ನಾನೇ ಕಾರಲ್ಲಿ ಕರ್ಕೊಂಡು ಹೋದೆ. ತಾಹೇರಾಳ ಮುಖ ನೋಡೋ ಧೈರ್ಯ ಆಗ್ಲಿಲ್ಲ. ಓಣಿ ತುದೀಲಿ ಇಳಿಸಿ, ಅದೇ ನಿನ್ನ ಮನೆ, ಹಸಿರು ಬಾಗಿಲು ಅಂತ ತೋರಿಸ್ದೆ. ಅವನು ಹೋಗಿ ತಟ್ಟಿದ. ಬಾಗಿಲು ತೆಗೀತು ಮಮತಾ. ಅದನ್ನ ನೋಡಿಕೊಂಡೇ ನಾನು ಗಾಡಿ ತಿರುಗಿಸಿದ್ದು."

"ಯಾರು ತೆಗೆದ್ರು?"

"ಕಾಣಲಿಲ್ಲ. ಒಂದು ಕೈ ಕಾಣ್ತು. ನಾಳೆ ಪೊಲೀಸ್ ಬರ್ತಾರೆ, ನಾಳಿದ್ದು ಬರ್ತಾರೆ ಅಂತ ಇಲ್ಲೇ ಕೂತಿದ್ದೆ. ಯಾರೂ ಬರ್ಲಿಲ್ಲ. ಅವರು ಸುಮ್ಮನಿದಾರೆ, ಅವರಿಗೆ ಏನು ಕಾರಣವೋ ಅಂದ್ಕೊಂಡೆ, ಪುಸ್ತಕದ ಮೇಲೂ 'ದಿವಂಗತ' ಅಂತಲೇ ಬಿಟ್ಟೆ. ಕೇಳೋ ಯೋಗ್ಯತೆ ನನಗಿತ್ತಾ?"

*

ಚನ್ನಪಟ್ಟಣಕ್ಕೆ ವಾಪಸು ಬಂದಾಗ ನಾಲ್ಕೂವರೆ. ಹಸಿರು ಬಾಗಿಲು ತೆರೆದೇ ಇತ್ತು. ತಾಹೇರಾ ಅದೇ ಚಾಪೆಯ ಮೇಲೆ, ಅದೇ ಡಬ್ಬಗಳ ನಡುವೆ ಕೂತಿದ್ದರು. ಬೆಳಗಿನಿಂದ ಎದ್ದಂತೆ ಕಾಣಲಿಲ್ಲ.

ನಾನು ಎದುರಿಗೆ ನೆಲದ ಮೇಲೆ ಕೂತೆ. ಟೋಪಿ ತೆಗೆದಿಟ್ಟೆ.

"ಮಾರ್ಚ್ ಇಪ್ಪತ್ತೊಂದು. ಶುಕ್ರವಾರ. ಯಾರಾದ್ರೂ ಬಾಗಿಲು ತಟ್ಟಿದ್ರಾ ಅಮ್ಮ?"

"ಮಾರ್ಚ್ ಅಂದ್ರೆ ರಂಜಾನ್. ದಿನಕ್ಕೆ ಹತ್ತು ಜನ ತಟ್ಟುತ್ತಾರೆ, ಕೇಳಿಕೊಂಡು ಬರೋರು. ನಾನು ಹೋಗ್ತಿರ್ಲಿಲ್ಲ. ಇದ್ದತ್‌ನಲ್ಲಿ ಕೂತಿದ್ದೆ."

ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಶೋಕದ ಕಾಲ ಅದು. ಹೊಸಿಲು ದಾಟುವಂತಿಲ್ಲ. ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಇದನ್ನು ಅವರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಊರಲ್ಲಿ ಓದಿದವಳು ನಾನು.

"ಇಪ್ಪತ್ತನೇ ರೋಜಾ," ಎಂದರು ತಾಹೇರಾ ನಿಧಾನವಾಗಿ. "ಸಂಜೆ ಅಸರ್ ನಮಾಜ್ ಆಗಿತ್ತು. ಒಬ್ಬರು ಬಂದಿದ್ರು. ನೆನಪಿದೆ."

"ಯಾಕೆ ನೆನಪಿದೆ?"

"ದನಿ." ಅವರ ಕೈ ಚೀಟಿಗಳ ಮೇಲೆ ನಿಂತಿತು. "ಅವರದೇ ದನಿ. ಒಳಗಿನ ಕೋಣೇಲಿದ್ದೆ, ಎದ್ದು ನಿಂತುಬಿಟ್ಟೆ. ಆದ್ರೆ ಆ ದಿನಗಳಲ್ಲಿ ನಲ್ಲಿ ನೀರು ಬಿದ್ರೂ ಅವರ ದನೀನೇ. ಪಕ್ಕದ ಮನೆ ಬೊಂಬೆ ಮಷೀನು ತಿರುಗಿದ್ರೂ ಅವರ ದನೀನೇ. ನನಗೆ ತಲೆ ಕೆಟ್ಟಿದೆ ಅಂತ ವಾಪಸ್ ಕೂತೆ. ಯಾರೇ ಅದು ಅಂತ ಕೂಗಿದೆ. 'ಫಕೀರ್ ಅಮ್ಮಿ' ಅಂದ್ಲು. ಒಂದು ಸೇರು ಅಕ್ಕಿ, ನಾಲ್ಕು ಖರ್ಜೂರ ಕೊಟ್ಟು ಕಳಿಸು ಅಂದೆ."

ಅವರು ಮಾತು ನಿಲ್ಲಿಸಿದರು.

ಅರಿವು ಅವರ ಮುಖದ ಮೇಲೆ ಬಂದ ರೀತಿಯನ್ನು ನಾನು ಬರೆಯಲಾರೆ. ಪಕ್ಕದ ಮನೆಯ ಯಂತ್ರ ನಿಂತುಹೋಗಿತ್ತು.

"ಅವರಿಗೆ ನಾನು ಖೈರಾತ್ ಕೊಟ್ಟೆ," ಎಂದರು ತಾಹೇರಾ. "ಅವರ ಮನೆ ಅಕ್ಕೀನ. ಅವರ ಬಾಗಿಲಲ್ಲಿ."

ಬಾಗಿಲ ಬಳಿ ಚೀಲ ಕೆಳಗಿಟ್ಟ ಸದ್ದಾಯಿತು. ಜುವೇರಿಯಾ ಶಾಲೆಯಿಂದ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಆ ದಿನ ಬಾಗಿಲು ತೆಗೆದವಳು ನೀನು," ಎಂದೆ.

"ಹೂಂ."

"ಗುರುತು ಸಿಕ್ತು."

"ನನಗೆ ಸಿಕ್ತು. ಅವರಿಗೆ ಸಿಗ್ಲಿಲ್ಲ." ಅವಳ ಕಣ್ಣುಗಳು ಒಣಗಿದ್ದವು. ಅದೇ ಭಯವಾಗುವಂತಿತ್ತು. "ನನ್ನ ಮುಖ ನೋಡಿ, 'ಇದು ಅಸ್ಗರ್ ಅನ್ನೋರ ಮನೇನಾ ತಾಯಿ' ಅಂದ್ರು. ಹೌದು ಅಂದೆ. ಇದಾರಾ ಅಂದ್ರು. ನನ್ನ ಕೈಕಾಲು ತಣ್ಣಗಾಗಿತ್ತು ಮೇಡಮ್. ಮೂರು ತಿಂಗಳಿಂದ ಬಂದೋರಿಗೆಲ್ಲ ಹೇಳ್ತಿದ್ದ ಮಾತೇ ಬಾಯಿಂದ ಬಂತು. ತೀರಿಹೋದ್ರು ಅಂದೆ. ಶವ ನೋಡಿ ಅಬ್ಬಾನೇ ಅಂದವಳು ನಾನೇ, ಆಮೇಲೆ ಆ ಮಾತು ವಾಪಸ್ ತಗೊಳ್ಳೋಕಾಗ್ಲಿಲ್ಲ."

"ಜುವೇರಿಯಾ..." ತಾಹೇರಾ ಎದ್ದು ನಿಲ್ಲಲು ನೋಡಿದರು. ಆಗಲಿಲ್ಲ.

"ಹೊಸಿಲ ಮೇಲೆ ಕೂತು ಅತ್ರು ಅಮ್ಮಿ. 'ಒಳ್ಳೆಯವರಿದ್ರು' ಅಂದ್ರು. ನೀನು ಕಳಿಸಿದ ಅಕ್ಕಿ ತಗೊಂಡು, ಆ ಮನೆಯೋರಿಗೆ ಸಬರ್, ಸಮಾಧಾನ ಸಿಗಲಿ ಅಂತ ದುವಾ ಮಾಡಿದ್ರು."

ನಾನು ಅವಳ ಹತ್ತಿರ ಹೋದೆ. "ಆಮೇಲೆ ಎಲ್ಲಿಗೆ ಕಳಿಸ್ದೆ? ನಾಲ್ಕು ತಿಂಗಳಿಂದ ಅವರನ್ನ ಎಲ್ಲಿ ಇಟ್ಟಿದ್ದೀಯ?"

ಅವಳು ನನ್ನತ್ತ ನೋಡಲಿಲ್ಲ. ನನ್ನನ್ನು ದಾಟಿ ಹೋಗಿ, ಚೀಟಿಗಳನ್ನು ಕಾಲಿಗೆ ಸಿಕ್ಕದಂತೆ ಬದಿಗೆ ಸರಿಸಿ, ತಾಯಿಯ ಮುಂದೆ ಮಂಡಿಯೂರಿ ಕೂತಳು. ತಾಹೇರಾ ಅವರ ಎರಡೂ ಕೈ ಹಿಡಿದುಕೊಂಡಳು.

"ಅಮ್ಮಿ, ಇದ್ದತ್ ಮತ್ತೆ ಕೂರಬೇಕಾಗುತ್ತೆ," ಎಂದಳು. "ಹೋದ ಶುಕ್ರವಾರದಿಂದ."